ಎರಡು ಲೇನಿಗೆ ಒಂದೇ ಗಡಿಯಾರ

ಡೆಟ್ರಾಯಿಟ್ ಹತ್ತಿರದ ಒಂದು ಊರಿನಲ್ಲಿ ನಾನು ಆನ್‌ಸೈಟ್ ಕೆಲಸಕ್ಕೆ ಅಂತ ಇದ್ದದ್ದು ಒಂದೇ ಚಳಿಗಾಲ. ಮೊಣಕಾಲುದ್ದ ಹಿಮ, ಸಂಜೆ ಐದೂವರೆಗೆಲ್ಲ ಕತ್ತಲೆ. ಕನ್ನಡ ಮಾತಾಡೋರಿರಲಿ, ಮುಖ ಪರಿಚಯ ಇರೋರೂ ಆಫೀಸು ಬಿಟ್ಟರೆ ಯಾರೂ ಇಲ್ಲ. ನಮ್ಮ ಟೀಮಿನಲ್ಲಿ ಅರವತ್ತರ ಆಸುಪಾಸಿನ ಹಿರಿಯರೊಬ್ಬರಿದ್ದರು. ಮನಸ್ಸಿನಲ್ಲಿ ನಾನು ಅವರನ್ನು ಯಜಮಾನ್ರು ಅಂತ ಕರೀತಿದ್ದೆ, ಇಲ್ಲೂ ಹಾಗೇ ಕರೀತೀನಿ. ಒಂದು ಶುಕ್ರವಾರ ಅವರು, "ನಾಳೆ ಸಂಜೆ ಬಿಡುವಿದ್ದರೆ ಮನೆಗೆ ಬಾ. ಕೆಳಗೆ ಬೇಸ್‌ಮೆಂಟಿನಲ್ಲಿ ರೇಸ್ ಇದೆ" ಅಂದರು. ಬೇಸ್‌ಮೆಂಟಿನಲ್ಲಿ ಎಂಥ ರೇಸಪ್ಪಾ ಅಂದುಕೊಂಡೇ ಹೋದೆ.

ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಒಂದು ನೀಳವಾದ ಹಲಗೆ. ಅದರ ಮೇಲೆ ಅಕ್ಕಪಕ್ಕ ಎರಡು ಸೀಳು, ಒಂದೊಂದು ಸೀಳಿನ ಎರಡೂ ಅಂಚಿಗೆ ತೆಳುವಾದ ಲೋಹದ ಪಟ್ಟಿ. ಬೆರಳುದ್ದದ ಕಾರಿನ ಹೊಟ್ಟೆಯಲ್ಲಿರೋ ಮೊಳೆಯಂಥದ್ದು ಸೀಳಿನೊಳಗೆ ಇಳಿಯುತ್ತೆ, ಪಟ್ಟಿಗಳಿಂದ ಕಾರಿನ ಮೋಟಾರಿಗೆ ಕರೆಂಟು ಹೋಗುತ್ತೆ. ಇದೇ ಸ್ಲಾಟ್ ಕಾರು. ಸ್ಟೀರಿಂಗ್ ಅನ್ನೋ ಮಾತಿಲ್ಲ. ಕೈಯಲ್ಲೊಂದು ಪಿಸ್ತೂಲಿನಂಥ ಕಂಟ್ರೋಲರು. ಎಷ್ಟು ಒತ್ತುತ್ತೀರೋ ಅಷ್ಟು ವೇಗ. ಹಲಗೆಯ ಆ ತುದಿಯಲ್ಲಿ ಕಾರು ಬಂದು ಗುದ್ದಿಕೊಳ್ಳಲಿ ಅಂತ ಒಂದು ಹಳೇ ದಿಂಬು ಇಟ್ಟಿದ್ದರು. ಈ ತುದಿಯಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಒಂದು 486 ಕಂಪ್ಯೂಟರು, ಅದರ ಮೇಲೆ ಕುಂಬಳಕಾಯಿಯಷ್ಟು ದಪ್ಪದ ಮಾನಿಟರು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಒಂದು ಅಡಿ ಉದ್ದದ ಮರದ ಸ್ಕೇಲು.

ಟ್ರ್ಯಾಕಿನ ಉದ್ದ 20 ಅಡಿ ಏಳೂವರೆ ಇಂಚು. ಯಾಕೆ ಈ ವಿಚಿತ್ರ ಲೆಕ್ಕ ಅಂದರೆ, ನಿಜವಾದ ಡ್ರ್ಯಾಗ್ ರೇಸಿನ ದೂರ ಕಾಲು ಮೈಲಿ, ಅಂದರೆ 1,320 ಅಡಿ. ಈ ಪುಟ್ಟ ಕಾರುಗಳನ್ನು ಒಂದಕ್ಕೆ 64ರ ಅಳತೆ ಅಂತ ಲೆಕ್ಕ ಹಿಡೀತಾರೆ. 1,320ನ್ನು 64ರಿಂದ ಭಾಗಿಸಿ ನೋಡಿ. ಅದಕ್ಕೂ ಐದಡಿ ಮುಂಚೆ ಇನ್ನೊಂದು ಪೆನ್ಸಿಲ್ ಗೆರೆ ಇತ್ತು. 2008ರಲ್ಲಿ ಸ್ಕಾಟ್ ಕಲಿಟ್ಟಾ ಅನ್ನೋ ಓಟಗಾರ ನ್ಯೂಜೆರ್ಸಿಯಲ್ಲಿ ಅಪಘಾತವಾಗಿ ತೀರಿಕೊಂಡ ಮೇಲೆ ಅತಿ ವೇಗದ ಎರಡು ವರ್ಗದ ಕಾರುಗಳಿಗೆ ದೂರವನ್ನು 1,000 ಅಡಿಗೆ ಇಳಿಸಿದರು. ಆ ಗೆರೆ ಅದರದ್ದು. ಬೇಸ್‌ಮೆಂಟಿನಲ್ಲಿ ಯಾರ ಪ್ರಾಣವೂ ಹೋಗೋದಿಲ್ಲ, ಆದರೂ ಯಜಮಾನ್ರು ಗೆರೆ ಎಳೆದಿಟ್ಟಿದ್ದರು.

ಎರಡೇ ಲೇನು, ನೇರ ದಾರಿ, ಕಣ್ಣು ಮಿಟುಕಿಸೋದರಲ್ಲಿ ಮುಗಿಯೋ ಓಟ. ನನಗೆ ನೆನಪಾಗಿದ್ದು ನಮ್ಮೂರಿನ ಜೋಡೆತ್ತಿನ ಗಾಡಿ ಓಟ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಎರಡೆರಡೇ ಗಾಡಿ ಬಿಡೋರು. ಗೆರೆ ಹತ್ತಿರ ನಮ್ಮ ದೊಡ್ಡಪ್ಪ ಟವೆಲ್ ಹಿಡಿದು ನಿಲ್ಲೋರು, ಯಾರ ಎತ್ತಿನ ಮೂತಿ ಮೊದಲು ದಾಟಿತು ಅಂತ ಹೇಳೋ ಜವಾಬ್ದಾರಿ ಅವರದ್ದು. ಒಂದು ವರ್ಷ ಒಂದು ಗೇಣಿನ ಅಂತರದಲ್ಲಿ ಏನೋ ಹೇಳಿದರು. ಸೋತ ಗಾಡಿಯವರು ಆಮೇಲೆ ನಮ್ಮ ಮನೆಯ ಮದುವೆಗೂ ಬರಲಿಲ್ಲ, ತಿಥಿಗೂ ಬರಲಿಲ್ಲ. ದೊಡ್ಡಪ್ಪ ಮುಂದೆಂದೂ ಟವೆಲ್ ಮುಟ್ಟಲಿಲ್ಲ. ಅವತ್ತು ನಾನು ಅಂದುಕೊಂಡಿದ್ದು, ಒಂದು ಯಂತ್ರ ಇದ್ದಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲ ಅಂತ. ಬಿ.ಇ. ಮಾಡಿದ ಮೇಲೂ ಹಾಗೇ ಅಂದುಕೊಂಡಿದ್ದೆ.

ಡ್ರ್ಯಾಗ್ ರೇಸು ಹುಟ್ಟಿದವರ ಮನೆಯಲ್ಲಿ ಗಡಿಯಾರ ಮೊದಲಿಂದಲೂ ಇತ್ತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮ್ಯೂರಾಕ್, ಎಲ್ ಮಿರಾಜ್ ಅಂತ ಬತ್ತಿದ ಕೆರೆಗಳಿವೆ, ರೊಟ್ಟಿ ತಟ್ಟಿದ ಹಾಗೆ ಸಪಾಟು. ಹಳೇ ಫೋರ್ಡುಗಳನ್ನು ಬಿಚ್ಚಿ ಜೋಡಿಸಿ ಜೋರು ಮಾಡಿಕೊಂಡ ಹುಡುಗರು ಅಲ್ಲಿ ಓಡಿಸೋರು. ಗುಂಪಾಗಿ ಬಿಟ್ಟರೆ ಮುಂದಿನವನ ಧೂಳಿನಲ್ಲಿ ಹಿಂದಿನವನಿಗೆ ಕಣ್ಣೇ ಕಾಣದು. ಹಾಗಾಗಿ ಒಬ್ಬೊಬ್ಬನನ್ನೇ ಬಿಟ್ಟು, ಅಳತೆ ಮಾಡಿದ ದೂರಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡೋ ಪದ್ಧತಿ ಬಂತು. 1937ರಲ್ಲಿ ಅವರು ಕಟ್ಟಿಕೊಂಡ ಸಂಘದ ಹೆಸರು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್. ಹೆಸರಿನಲ್ಲಿ ಕಾರೂ ಇಲ್ಲ, ರೇಸೂ ಇಲ್ಲ, ಇರೋದು ಟೈಮಿಂಗ್ ಮಾತ್ರ!

ಒಬ್ಬೊಬ್ಬನೇ ಓಡಿದರೆ ಗಡಿಯಾರ ನಿಜ ಹೇಳಲೇಬೇಕು. ಇವತ್ತಿನ ಸೆಕೆಂಡೂ ಹೋದ ತಿಂಗಳಿನ ಸೆಕೆಂಡೂ ಒಂದೇ ಉದ್ದ ಇರದಿದ್ದರೆ ದಾಖಲೆಗೆ ಅರ್ಥವಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಟ ಕೆರೆ ಬಿಟ್ಟು ವಿಮಾನದ ರನ್‌ವೇಗೆ ಬಂತು. 1950ರಲ್ಲಿ ಸಾಂಟಾ ಅನಾ ವಿಮಾನ ನಿಲ್ದಾಣದಲ್ಲಿ ಸಿ. ಜೆ. ಹಾರ್ಟ್ ಅನ್ನೋರು ಟಿಕೆಟ್ ಇಟ್ಟು ರೇಸು ಶುರು ಮಾಡಿದರು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. 1953ರಲ್ಲಿ ಪೊಮೋನಾದಲ್ಲಿ ಅದರ ಮೊದಲ ಅಧಿಕೃತ ರೇಸು, 1955ರಲ್ಲಿ ಕ್ಯಾನ್ಸಸ್‌ನ ಗ್ರೇಟ್ ಬೆಂಡ್‌ನಲ್ಲಿ ಮೊದಲ ರಾಷ್ಟ್ರೀಯ ಕೂಟ. ಈಗ ಓಡೋದು ಇಬ್ಬರು, ಅಕ್ಕಪಕ್ಕ. ಪ್ರಶ್ನೆಯೇ ಬದಲಾಯಿತು. ಎಷ್ಟು ಹೊತ್ತಾಯಿತು ಅನ್ನೋದಕ್ಕಿಂತ ಯಾರು ಮೊದಲು ಅನ್ನೋದು ಮುಖ್ಯವಾಯಿತು.

ಆಗ ಓಟ ಬಿಡುತ್ತಿದ್ದವನು ಬಾವುಟ ಹಿಡಿದ ಮನುಷ್ಯ. ಎರಡೂ ಕಾರುಗಳ ಮುಂದೆ ನಿಂತು ಬಾವುಟ ಬೀಸಿ ಎಗರುತ್ತಿದ್ದ. ಓಟಗಾರರು ಬಾವುಟ ನೋಡುತ್ತಿರಲಿಲ್ಲ, ಅವನ ಭುಜ ನೋಡುತ್ತಿದ್ದರು, ಮೊಣಕಾಲು ನೋಡುತ್ತಿದ್ದರು. ಕೈ ಏಳೋ ಮುಂಚೆ ಮೈ ಹೇಳುತ್ತಲ್ಲ! ಪಳಗಿದವನಿಗೆ ಅದೇ ಲಾಭ. ನಿಧಾನದ ಕಾರಿಗೂ ಜೋರು ಕಾರಿಗೂ ಜೋಡಿ ಹಾಕಿದರೆ ನಿಧಾನದವನನ್ನು ಇಷ್ಟು ಕಾರಿನುದ್ದ ಮುಂದೆ ನಿಲ್ಲಿಸೋದು, ಅದೂ ಕಣ್ಣಂದಾಜಿನಲ್ಲಿ. ಜಗಳಕ್ಕೆ ಇನ್ನೇನು ಬೇಕು.

1963ರಲ್ಲಿ ಇಂಡಿಯಾನಾಪೊಲಿಸ್ ಕೂಟದಲ್ಲಿ ಬಾವುಟದವನ ಜಾಗಕ್ಕೆ ಒಂದು ಕಂಬ ಬಂತು, ಮೇಲಿಂದ ಕೆಳಕ್ಕೆ ಬಣ್ಣದ ದೀಪಗಳು. ನೋಡೋಕೆ ಕ್ರಿಸ್‌ಮಸ್ ಮರದ ಹಾಗೇ ಇತ್ತು, ಹೆಸರೂ ಅದೇ ಆಯಿತು. ಅರ್ಧರ್ಧ ಸೆಕೆಂಡಿಗೆ ಒಂದೊಂದರಂತೆ ಐದು ಹಳದಿ ದೀಪ, ಆಮೇಲೆ ಹಸಿರು. ಹಸಿರಿಗೆ ಮುಂಚೆ ಹೊರಟರೆ ಕೆಂಪು, ಓಟ ಅಲ್ಲಿಗೇ ಸೋಲು. ಮುಂದೆ ಹಳದಿ ಮೂರಕ್ಕೆ ಇಳಿಯಿತು. ನಿಧಾನದ ಕಾರಿನ ಕಡೆಯ ದೀಪಗಳನ್ನು ಸ್ವಲ್ಪ ಮುಂಚೆ ಬಿಟ್ಟರಾಯಿತು, ಕಾರುಗಳನ್ನು ಹಿಂದೆ ಮುಂದೆ ನಿಲ್ಲಿಸೋ ಅಂದಾಜಿನ ಲೆಕ್ಕ ಬೇಕಿಲ್ಲ. ದೀಪಕ್ಕೆ ಭುಜವಿಲ್ಲ, ನೆಂಟರಿಷ್ಟರಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದು ತಿಳಿಯದಿದ್ದರೆ ಮುಂದಿನ ಕಥೆ ತಿಳಿಯಲ್ಲ. ಗೆರೆಯ ಹತ್ತಿರ ನೆಲದಿಂದ ಸ್ವಲ್ಪ ಮೇಲೆ ಬೆಳಕಿನ ಎಳೆಯೊಂದು ಅಡ್ಡ ಹಾಯುತ್ತೆ, ಮುಂದಿನ ಚಕ್ರ ಅದನ್ನು ಮುಚ್ಚಿಕೊಂಡು ನಿಲ್ಲುತ್ತೆ. ಓಟದ ಸಮಯ ಲೆಕ್ಕವಾಗೋದು ಹಸಿರು ಹೊತ್ತಿದಾಗಿನಿಂದ ಅಲ್ಲ, ಚಕ್ರ ಆ ಬೆಳಕನ್ನು ಬಿಟ್ಟು ಸರಿದಾಗಿನಿಂದ. ಹಸಿರಿಗೂ ಚಕ್ರ ಸರಿಯೋದಕ್ಕೂ ನಡುವಿನ ಹೊತ್ತು ಬೇರೆ ಲೆಕ್ಕ, ಅದು ಓಟಗಾರನ ಚುರುಕು. ಉದಾಹರಣೆಗೆ, ಎಡಗಡೆಯವನು 0.08 ಸೆಕೆಂಡಿಗೆ ಹೊರಟು 1.02ರಲ್ಲಿ ಓಡಿದ ಅನ್ನಿ, ಒಟ್ಟು 1.10. ಬಲಗಡೆಯವನು 0.15ಕ್ಕೆ ಹೊರಟು 0.99ರಲ್ಲಿ ಓಡಿದ, ಒಟ್ಟು 1.14. ಜೋರಾಗಿ ಓಡಿದ್ದು ಬಲಗಡೆ ಕಾರು, ಗೆದ್ದಿದ್ದು ಎಡಗಡೆಯವನು. ಹೀಗೆ ಸೋತವನಿಗೆ ಗಡಿಯಾರದ ಮೇಲೆ ನಂಬಿಕೆ ಇಲ್ಲದಿದ್ದರೆ ಅವನು ಮನೆಗೆ ಸುಮ್ಮನೆ ಹೋಗಲ್ಲ.

ಇನ್ನು ಆಟಿಕೆಯ ಕಡೆಗೆ ಬರೋಣ. ಇಂಗ್ಲೆಂಡಿನಲ್ಲಿ ಫ್ರೆಡ್ ಫ್ರಾನ್ಸಿಸ್ ಅನ್ನೋರು ಸ್ಪ್ರಿಂಗಿನಿಂದ ಓಡೋ ಸ್ಕೇಲೆಕ್ಸ್ ಅನ್ನೋ ಕಾರು ಮಾಡುತ್ತಿದ್ದರು. ಅದಕ್ಕೆ ಕರೆಂಟಿನ ಮೋಟಾರು ಇಟ್ಟು, ಸೀಳಿನ ಟ್ರ್ಯಾಕು ಜೋಡಿಸಿ 1957ರಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ತೋರಿಸಿದರು. ಅದೇ ಸ್ಕೇಲೆಕ್ಸ್‌ಟ್ರಿಕ್. ಅಮೆರಿಕದಲ್ಲಿ 1960ರಲ್ಲಿ ಅರೋರಾ ಕಂಪನಿ ಇನ್ನೂ ಚಿಕ್ಕ ಕಾರುಗಳನ್ನು ತಂದಿತು. 1963ರಲ್ಲಿ, ಅಂದರೆ ಆ ಕ್ರಿಸ್‌ಮಸ್ ಮರ ಬಂದ ವರ್ಷವೇ, ಥಂಡರ್‌ಜೆಟ್ 500 ಅನ್ನೋ ಮಾಡೆಲ್ಲು. ಮೋಟಾರು ದೋಸೆ ಹಾಗೆ ಚಪ್ಪಟೆ ಮಲಗಿರುತ್ತೆ ಅದರಲ್ಲಿ. ಅರವತ್ತರ ದಶಕದ ನಡುವಿನಲ್ಲಿ ಅಮೆರಿಕದ ಊರೂರಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಓಡಿಸೋ ಸ್ಲಾಟ್ ಕಾರ್ ಅಂಗಡಿಗಳೆದ್ದವು. ದಶಕ ಮುಗಿಯೋದರೊಳಗೆ ಬಹುಪಾಲು ಬಾಗಿಲು ಹಾಕಿದವು. ಹುಚ್ಚು ಬಿಡದವರು ಟ್ರ್ಯಾಕನ್ನು ಮನೆಯ ಬೇಸ್‌ಮೆಂಟಿಗೆ ಇಳಿಸಿಕೊಂಡರು. ಯಜಮಾನ್ರೂ ಅವರ ಎದುರುಮನೆಯವರೂ ಆ ಕಾಲದ ಹುಡುಗರು.

ಸುತ್ತು ಹಾಕೋ ಟ್ರ್ಯಾಕಿಗೆ ಎಣಿಕೆ ಸಾಕು, ಯಾರು ಎಷ್ಟು ಸುತ್ತು ಅಂತ. ನೇರ ಓಟಕ್ಕೆ ಎಣಿಕೆ ಉಪಯೋಗವಿಲ್ಲ, ಒಂದೇ ಸಲ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲ ಮುಗಿದುಹೋಗುತ್ತೆ. ಯಜಮಾನ್ರು ಮೊದಲು ಕಟ್ಟಿದ್ದು ಎರಡು ರಿಲೇಗಳ ಪೆಟ್ಟಿಗೆ. ಕ್ವಿಝ್ ಸ್ಪರ್ಧೆಯ ಬಜರ್ ನೋಡಿದ್ದೀರಲ್ಲ, ಮೊದಲು ಒತ್ತಿದವನ ದೀಪ ಹೊತ್ತಿ ಇನ್ನೊಬ್ಬನದ್ದು ಹೊತ್ತದ ಹಾಗೆ ಬಿಗಿಯುತ್ತಲ್ಲ, ಥೇಟ್ ಅದೇ. ಗೆದ್ದವನಾರು ಅಂತ ಹೇಳುತ್ತಿತ್ತು, ಎಷ್ಟರಲ್ಲಿ ಅಂತ ಹೇಳುತ್ತಿರಲಿಲ್ಲ. ನಿಜ ಹೇಳಬೇಕಂದರೆ ಎರಡು ಲೇನಿನ ಓಟಕ್ಕೆ ಅಷ್ಟು ಸಾಕಾಗಿತ್ತು. ಆದರೆ ಮನುಷ್ಯನಿಗೆ ನಂಬರು ಬೇಕು.

ನಂಬರು ಕೊಡೋಕೆ ಬಂದಿದ್ದು ಕಂಪ್ಯೂಟರು. ಐಬಿಎಂ ಪಿಸಿ 1981ರಲ್ಲಿ ಬಂತು, ಅದರ ಅಗ್ಗದ ನಕಲುಗಳು ಎಂಬತ್ತರ ದಶಕದಲ್ಲಿ ಮನೆಮನೆಗೆ ಬಂದವು. ಅದರ ಬೆನ್ನಿಗೆ ಪ್ರಿಂಟರಿಗೆ ಅಂತ 25 ಪಿನ್ನಿನ ಒಂದು ಕಿಂಡಿ ಇರ್ತಿತ್ತು, ನಮ್ಮ ವಯಸ್ಸಿನವರು ನೋಡಿರ್ತೀರಿ. ಅದರಲ್ಲಿ ಎಂಟು ಪಿನ್ನು ಕಂಪ್ಯೂಟರಿನಿಂದ ಹೊರಗೆ ಅಕ್ಷರ ಕಳಿಸೋಕೆ. ಐದು ಪಿನ್ನು ಪ್ರಿಂಟರು ತನ್ನ ಕಷ್ಟಸುಖ ಹೇಳಿಕೊಳ್ಳೋಕೆ: ಅಕ್ಷರ ತಲುಪಿತು, ಬಿಡುವಿಲ್ಲ, ಪೇಪರ್ ಖಾಲಿ, ಸಿದ್ಧವಾಗಿದ್ದೇನೆ, ಏನೋ ಎಡವಟ್ಟಾಗಿದೆ. ಈ ಐದನ್ನು 889ನೇ ನಂಬರಿನ ಪೋರ್ಟಿನಿಂದ ಬೇಸಿಕ್ ಪ್ರೋಗ್ರಾಮಿನಲ್ಲೂ ಓದಬಹುದಿತ್ತು. ಡ್ರ್ಯಾಗ್ ಸ್ಟ್ರಿಪ್ಪಿಗೆ ಬೇಕಿದ್ದದ್ದೂ ಐದೇ: ಎರಡು ಲೇನಿನ ಆರಂಭ, ಎರಡು ಲೇನಿನ ಕೊನೆ, ಓಟ ಬಿಡೋಕೆ ಒಂದು ಗುಂಡಿ. ಹೊರಗೆ ಹೋಗೋ ಎಂಟು ಪಿನ್ನಿಗೆ ದೀಪಗಳು: ಮೂರು ಹಳದಿ, ಒಂದು ಹಸಿರು, ಎರಡು ಕೆಂಪು, ಕಾರು ಸರಿಯಾಗಿ ನಿಂತಿದೆ ಅಂತ ತೋರಿಸೋಕೆ ಲೇನಿಗೊಂದೊಂದು. ಒಂದು ಪಿನ್ನೂ ವ್ಯರ್ಥವಿಲ್ಲ. ಯಜಮಾನ್ರ ವೈರಿಂಗಿನಲ್ಲಿ ಎಡಗಡೆ ಕಾರು ಗುರಿ ಮುಟ್ಟಿದಾಗಲೆಲ್ಲ ಕಂಪ್ಯೂಟರಿಗೆ ಹೋಗುತ್ತಿದ್ದ ಸುದ್ದಿ "ಪೇಪರ್ ಖಾಲಿ" ಅಂತ! ನಾನು ನಕ್ಕೂ ನಕ್ಕೂ ಸಾಕಾದೆ.

ನೋಟ್‌ಬುಕ್ಕಿನ ಮೊದಲ ಪುಟ 1989ರದ್ದು. ತಿರುವಿ ಹಾಕುತ್ತಾ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೊದಲ ಕೆಲವು ತಿಂಗಳು ಬರೀ ನಾಲ್ಕೈದು ಅಂಕಿಗಳೇ ಮತ್ತೆ ಮತ್ತೆ: 0.93, 0.99, 1.04, 1.10. ಯಾವ ಕಾರೂ 0.95ರಲ್ಲಿ ಓಡಿಲ್ಲ, ಯಾವುದೂ 1.07ರಲ್ಲಿ ಇಲ್ಲ. ಯಾಕೆ ಅಂತ ಯಜಮಾನ್ರನ್ನು ಕೇಳೋ ಮುಂಚೆ ನನಗೇ ಹೊಳೆಯಿತು. ಬಿ.ಇ. ಓದುವಾಗ ಮೈಕ್ರೋಪ್ರೊಸೆಸರ್ ಪರೀಕ್ಷೆಗೆ ಅಂತ 8253 ಅನ್ನೋ ಟೈಮರ್ ಚಿಪ್ಪಿನ ಆರು ಮೋಡುಗಳನ್ನು ನಾನು ಬಾಯಿಪಾಠ ಹೊಡೆದಿದ್ದೆ. ಯಾವುದಕ್ಕೆ ಅಂತ ಮೇಷ್ಟ್ರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಿಸಿಯ ಗಡಿಯಾರ ಓಡುತ್ತಿದ್ದದ್ದು ಆ ಚಿಪ್ಪಿನಿಂದ. ಪಿಸಿಯೊಳಗಿನ ಹರಳು 14.31818 ಮೆಗಾಹರ್ಟ್ಸಿನದ್ದು. ಅಮೆರಿಕದ ಕಲರ್ ಟೀವಿಯ ಬಣ್ಣದ ಸಂಕೇತದ ನಾಲ್ಕು ಪಟ್ಟು ಅದು. ಟೀವಿಗೂ ಕಂಪ್ಯೂಟರಿಗೂ ಒಂದೇ ಹರಳು ಸಾಕಾಗಲಿ ಅಂತ ಮಾಡಿದ ಉಳಿತಾಯ. ಅದನ್ನು ಮೂರರಿಂದ ಭಾಗಿಸಿದರೆ ಪ್ರೊಸೆಸರಿನ 4.77, ಹನ್ನೆರಡರಿಂದ ಭಾಗಿಸಿದರೆ ಟೈಮರಿನ 1.193. ಟೈಮರು 65,536 ಎಣಿಸಿ ಒಮ್ಮೆ ಗಂಟೆ ಹೊಡೆಯುತ್ತೆ, ಅಂದರೆ ಸೆಕೆಂಡಿಗೆ 18.2 ಸಲ. ಬೇಸಿಕ್ಕಿನಲ್ಲಿ ಟೈಮು ಕೇಳಿದರೆ ಸಿಗೋದು ಕಳೆದ ಗಂಟೆಯ ಟೈಮು. ಎರಡು ಗಂಟೆಗಳ ನಡುವೆ 55 ಮಿಲಿಸೆಕೆಂಡು ಕತ್ತಲೆ.

ಐವತ್ತೈದು ಮಿಲಿಸೆಕೆಂಡು ಏನು ಮಹಾ ಅನ್ನಬೇಡಿ. ಇಪ್ಪತ್ತು ಅಡಿ ಚಿಲ್ಲರೆಯನ್ನು ಒಂದು ಸೆಕೆಂಡಿನಲ್ಲಿ ಓಡೋ ಕಾರು ಅಷ್ಟರಲ್ಲಿ ಒಂದು ಅಡಿಗಿಂತ ಹೆಚ್ಚು ಹೋಗಿರುತ್ತೆ. ಕಾರಿನ ಉದ್ದವೇ ಮೂರು ಇಂಚು. ಅಂದರೆ ನಾಲ್ಕು ಕಾರಿನುದ್ದ ಮುಂದೆ ಇದ್ದವನಿಗೂ ಹಿಂದಿದ್ದವನಿಗೂ ಒಂದೇ ಟೈಮು ಬರಬಹುದು.

ಯಜಮಾನ್ರು ಅದನ್ನು ಕಂಡುಹಿಡಿದು, ಗಂಟೆಗೆ ಕಾಯದೆ ಚಿಪ್ಪಿನೊಳಗಿನ ಎಣಿಕೆಯನ್ನೇ ನೇರ ಓದೋ ಹಾಗೆ ಪ್ರೋಗ್ರಾಮು ತಿದ್ದಿದ್ದರು. ಆ ಪುಟದಿಂದ ಮುಂದೆ ದಶಾಂಶದ ಬಲಕ್ಕೆ ಮೂರಂಕಿ. ಡಾಸ್ ಕಾಲದ ದೊಡ್ಡ ಪುಣ್ಯ ಅಂದರೆ ಯಂತ್ರ ಪೂರ್ತಿ ನಿಮ್ಮದೇ. ನೀವು ಬರೆದ ಪ್ರೋಗ್ರಾಮು ಓಡುವಾಗ ಇನ್ಯಾವುದೂ ಹೆಚ್ಚಾಗಿ ತಲೆಹಾಕಲ್ಲ. ಪೋರ್ಟು ನೋಡು, ಚಿಪ್ಪು ನೋಡು, ಮತ್ತೆ ಪೋರ್ಟು ನೋಡು, ಅಷ್ಟೇ ಕೆಲಸ. ಆ ಮುದಿ 486 ಈ ಕೆಲಸದಲ್ಲಿ ನನ್ನ ಹೊಸ ಲ್ಯಾಪ್‌ಟಾಪಿಗಿಂತ ಎಷ್ಟೋ ಮೇಲು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ.

ಇಲ್ಲೇ ನನ್ನ ಅಧಿಕಪ್ರಸಂಗ ಶುರುವಾಗಿದ್ದು. 486 ಆಗಾಗ ಆನ್ ಆಗೋಕೆ ಮುನಿಸಿಕೊಳ್ಳುತ್ತಿತ್ತು. "ನಾನು ಹೊಸ ಸಿಸ್ಟಮ್ ಮಾಡಿಕೊಡ್ತೀನಿ" ಅಂದೆ. ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಕಿಂಡಿ ಇಲ್ಲ. ಯುಎಸ್‌ಬಿಯಿಂದ ಪ್ರಿಂಟರಿಗೆ ಹೋಗೋ ಕೇಬಲ್ ತಂದೆ, ಅದು ಪ್ರಿಂಟರಿನ ಜೊತೆ ಮಾತ್ರ ಮಾತಾಡುತ್ತೆ, 889 ಅಂತ ಕರೆದರೆ ಅಲ್ಲಿ ಯಾರೂ ಇಲ್ಲ. ಇದ್ದಿದ್ದರೂ ಹೊಸ ವಿಂಡೋಸು ಬಿಡುತ್ತಿರಲಿಲ್ಲ. ಎನ್‌ಟಿಯಿಂದ ಈಚೆಗಿನ ವಿಂಡೋಸುಗಳಲ್ಲಿ ಸಾಮಾನ್ಯ ಪ್ರೋಗ್ರಾಮು ಪೋರ್ಟನ್ನು ನೇರ ಮುಟ್ಟೋ ಹಾಗಿಲ್ಲ. ಕೊನೆಗೆ ಒಂದು ಹಳೇ ಯುಎಸ್‌ಬಿ ಗೇಮ್‌ಪ್ಯಾಡ್ ಬಿಚ್ಚಿ, ಅದರ ಗುಂಡಿಗಳ ಜಾಗಕ್ಕೆ ಸೆನ್ಸರುಗಳ ತಂತಿ ಬೆಸುಗೆ ಹಾಕಿದೆ. ಟ್ರ್ಯಾಕಿನ ತೂತಿನೊಳಗೆ ಫೋಟೋಟ್ರಾನ್ಸಿಸ್ಟರು, ಮೇಲೆ ಸಣ್ಣ ಬಲ್ಬು, ಕಾರು ಬಂದು ನೆರಳು ಬಿದ್ದರೆ ಗುಂಡಿ ಒತ್ತಿದ ಹಾಗೆ. ಹೊಸದು ನಾಲ್ಕು ಫೋಟೋಟ್ರಾನ್ಸಿಸ್ಟರು ತಂದಿದ್ದೆ. ಬೆಸುಗೆ ಹಾಕುವಾಗ ಒಂದರ ಕಾಲು ಮುರಿಯಿತು. ಯಜಮಾನ್ರ ಡಬ್ಬಿಯಲ್ಲಿ ಎಲ್‌ಡಿಆರ್ ಇತ್ತು, ಅದೂ ಬೆಳಕು ನೋಡೋದೇ ತಾನೆ ಅಂತ ಅದನ್ನೇ ಬಲಗಡೆ ಲೇನಿನ ಕೊನೆಗೆ ಕೂರಿಸಿದೆ. ಪರದೆಯ ಮೇಲೆ ಬಣ್ಣಬಣ್ಣದ ಗ್ರಾಫು, ಮೈಕ್ರೋಸೆಕೆಂಡಿನ ತನಕ ಆರಂಕಿ. ಎಲ್ಲರೂ ಶಭಾಷ್ ಅಂದರು.

ಆ ಮರದ ಸ್ಕೇಲಿನ ವಿಷಯ ಹೇಳೋದು ಮರೆತೆ. ಪ್ರತಿ ಶನಿವಾರ ರೇಸಿಗೆ ಮುಂಚೆ ಯಜಮಾನ್ರು ಅದನ್ನು ಗುರಿಯ ಗೆರೆಯ ಮೇಲೆ ಅಡ್ಡ ಹಿಡಿದು ಕೈಬಿಡುತ್ತಿದ್ದರು. ಸ್ಕೇಲು ಎರಡೂ ಲೇನಿನ ತೂತು ಒಟ್ಟಿಗೆ ಮುಚ್ಚುತ್ತೆ. ಕಂಪ್ಯೂಟರು ಎರಡಕ್ಕೂ ಒಂದೇ ಟೈಮು ಹೇಳಬೇಕು. ಆಮೇಲೆ ಟ್ರ್ಯಾಕಿನ ಆಚೆ ಬದಿಗೆ ಹೋಗಿ ಮತ್ತೊಮ್ಮೆ ಬಿಡುತ್ತಿದ್ದರು. ಮೊದಲ ಸಲ ಯಾವುದೋ ಪೂಜೆ ಅಂದುಕೊಂಡಿದ್ದೆ. ಹೊಸ ಸಿಸ್ಟಮ್ ಬಂದ ದಿನ ಅವರು ಸ್ಕೇಲಿಗೆ ಕೈ ಹಾಕಿದಾಗ, "ಅದೆಲ್ಲ ಇನ್ನು ಬೇಡ, ಇದು ಡಿಜಿಟಲ್" ಅಂದವನು ನಾನು. 486 ಏನು ಇಂಗು ತೆಂಗಿನ ಮೇಲೆ ಓಡುತ್ತಿತ್ತೋ!

ಎದುರುಮನೆಯವರು ಕಾರ್ಖಾನೆಯಿಂದ ನಿವೃತ್ತರಾದವರು, ಮಾತು ಕಮ್ಮಿ. ಯಜಮಾನ್ರು ಎಡಗಡೆ, ಅವರು ಬಲಗಡೆ, ಹುಡುಗರಾಗಿದ್ದಾಗಿನಿಂದ ಹಾಗೇ. ಒಟ್ಟಾರೆ ಗೆಲುವು ಸೋಲು ಸರಿಸುಮಾರು ಸಮ ಅಂತ ನೋಟ್‌ಬುಕ್ಕೇ ಹೇಳುತ್ತಿತ್ತು. ಹೊಸ ಸಿಸ್ಟಮ್ ಬಂದ ಮೇಲೆ ಅವರು ಸೋಲೋಕೆ ಶುರು ಮಾಡಿದರು. ದೊಡ್ಡ ಅಂತರದ ಓಟ ಬಂದರೆ ಗೆಲ್ಲೋರು, ಕೂದಲೆಳೆಯ ಓಟಗಳೆಲ್ಲ ಎಡಕ್ಕೆ. ಒಂದು ವಾರ, ಎರಡು ವಾರ. ಮೋಟಾರು ಬಿಚ್ಚಿ ಸುತ್ತಿದರು, ಟೈರು ಬದಲಾಯಿಸಿದರು. ಆರನೇ ಶನಿವಾರ ಕಂಟ್ರೋಲರು ಕೆಳಗಿಟ್ಟು, "ನನ್ನ ಕಣ್ಣಿಗೆ ನಾನೇ ಮುಂದಿದ್ದೆ. ನಿನ್ನ ಗಡಿಯಾರಕ್ಕೂ ಈ ಹುಡುಗನಿಗೂ ನಿನ್ನ ಕಾರೇ ಇಷ್ಟ ಅಂತ ಕಾಣುತ್ತೆ" ಅಂತ ಯಜಮಾನ್ರಿಗೆ ಹೇಳಿ ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಮುಂದಿನ ಶನಿವಾರ ಬರಲಿಲ್ಲ. ಎದುರಿನ ಮನೆಯಲ್ಲಿ ದೀಪ ಉರೀತಿತ್ತು.

ನನಗೆ ಸಿಟ್ಟು ಬಂತು. ಆರಂಕಿಯ ಸಿಸ್ಟಮ್ಮನ್ನು ಕಣ್ಣಂದಾಜಿನ ಮೇಲೆ ಅನುಮಾನಿಸೋದಾ! ಯಜಮಾನ್ರು ಏನೂ ಹೇಳದೆ ಸ್ಕೇಲು ತಂದು ಗೆರೆಯ ಮೇಲೆ ಬಿಟ್ಟರು. ಬಲಗಡೆ 22 ಮಿಲಿಸೆಕೆಂಡು ತಡ. ಮತ್ತೊಮ್ಮೆ, 16. ಇನ್ನೊಮ್ಮೆ, 29. ಆಚೆ ಬದಿಗೆ ಹೋಗಿ ಬಿಟ್ಟರು. ಸ್ಕೇಲಿನ ಒಂದು ತುದಿ ಕೈಯ ವಾಲಿನಿಂದ ಮೊದಲು ಬೀಳುತ್ತಿದ್ದರೆ ಈಗ ಎಡಗಡೆ ತಡವಾಗಬೇಕು. ಆಗಲಿಲ್ಲ. ಎಲ್ಲಿ ನಿಂತು ಬಿಟ್ಟರೂ ಬಲಗಡೆಯೇ ತಡ.

ತಪ್ಪು ಎರಡಿದ್ದವು. ಗೇಮ್‌ಪ್ಯಾಡಿನಂಥವನ್ನು ಯುಎಸ್‌ಬಿ ಯಾವಾಗಲೂ ನೋಡುತ್ತಾ ಕೂತಿರಲ್ಲ, ಕೆಲವು ಮಿಲಿಸೆಕೆಂಡಿಗೊಮ್ಮೆ "ಏನಾದರೂ ಇದೆಯಾ" ಅಂತ ಕೇಳಿ ಹೋಗುತ್ತೆ. ಅದರ ಮೇಲೆ ವಿಂಡೋಸಿಗೆ ನೂರೆಂಟು ಕೆಲಸ, ಬಿಡುವಾದಾಗ ನನ್ನ ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸುತ್ತೆ. ನನ್ನ ಆರಂಕಿಯಲ್ಲಿ ಕೊನೆಯ ನಾಲ್ಕಂತೂ ಶುದ್ಧ ಬೊಗಳೆ. ಆದರೆ ಈ ತಪ್ಪು ಒಮ್ಮೆ ಇವನಿಗೆ, ಒಮ್ಮೆ ಅವನಿಗೆ, ಕುರುಡು ತಪ್ಪು. ಎದುರುಮನೆಯವರನ್ನು ಸೋಲಿಸಿದ್ದು ಎಲ್‌ಡಿಆರ್. ಫೋಟೋಟ್ರಾನ್ಸಿಸ್ಟರು ನೆರಳು ಬಿದ್ದ ತಕ್ಷಣ ಹೇಳುತ್ತೆ, ತಡ ಅಂದರೂ ಮೈಕ್ರೋಸೆಕೆಂಡಿನ ಲೆಕ್ಕ. ಎಲ್‌ಡಿಆರ್ ಕತ್ತಲೆಗೆ ಹೊಂದಿಕೊಳ್ಳೋದೇ ನಿಧಾನ, ಬಿಸಿಲಿನಿಂದ ಒಳಗೆ ಬಂದ ನಮ್ಮ ಕಣ್ಣಿನ ಹಾಗೆ. ಇಪ್ಪತ್ತು ಮಿಲಿಸೆಕೆಂಡಿನಲ್ಲಿ ಕೊನೆಯ ವೇಗದ ಕಾರು ಅರ್ಧ ಅಡಿ ದಾಟಿರುತ್ತೆ. ಎರಡು ಕಾರಿನುದ್ದ ಮುಂದಿದ್ದರೂ ಆ ಮನುಷ್ಯನಿಗೆ ಗೆಲುವು ಸಿಗುತ್ತಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಒಂದೇ ಕಾರಿನಿಂದ, ಅದೂ ಎಡಗಡೆ ಲೇನಿನಲ್ಲಿ ಮಾತ್ರ.

ಆ ರಾತ್ರಿಯೇ ಕೂತು ಮತ್ತೆ ಕಟ್ಟಿದೆವು, ಈ ಸಲ ಆರ್ಡುಯಿನೊ ಬೋರ್ಡಿನ ಮೇಲೆ. 2005ರ ಹೊತ್ತಿಗೆ ಇಟಲಿಯ ಇವ್ರೆಯಾದಲ್ಲಿ ವಿನ್ಯಾಸ ಕಲಿಯೋ ಹುಡುಗರಿಗೆ ಅಂತ ಮಾಡಿದ್ದು ಅದು. ನೂರೆಂಟು ಕೆಲಸ ಇಲ್ಲ, ಡಾಸ್ ಕಾಲದ ಹಾಗೆ ಯಂತ್ರ ಪೂರ್ತಿ ನಮ್ಮದೇ. ಗುರಿಯ ಎರಡು ಸೆನ್ಸರುಗಳನ್ನು ಬೋರ್ಡಿನ 2 ಮತ್ತು 3ನೇ ಪಿನ್ನಿಗೆ ಹಾಕಿದೆವು. ಅಲ್ಲಿ ಏನೇ ಬದಲಾದರೂ ಬೋರ್ಡು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತೆ, ನಾಲ್ಕು ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಲೆಕ್ಕ ಇಡುತ್ತೆ. ಲ್ಯಾಪ್‌ಟಾಪಿಗೆ ಉಳಿದದ್ದು ಬಂದ ಅಂಕಿ ತೋರಿಸೋ ಗುಮಾಸ್ತನ ಕೆಲಸ. ದೀಪಗಳನ್ನೂ ಪರದೆಯಿಂದ ತೆಗೆದು ಬೋರ್ಡಿಗೇ ಕಟ್ಟಿದೆವು, ಯಾಕಂದರೆ ಸೆಕೆಂಡಿಗೆ 60 ಸಲ ಚಿತ್ರ ಬರೆಯೋ ಪರದೆಯಲ್ಲಿ ಹಸಿರು ಕಾಣೋದೇ 16 ಮಿಲಿಸೆಕೆಂಡಿನಷ್ಟು ತಡವಾಗಬಹುದು.

ಬೋರ್ಡಿನ ಕಾಗದ ಓದುವಾಗ ನನಗೆ ಮತ್ತೊಂದು ದಿಗಿಲು. ಆ ಊನೋ ಮಾಡೆಲ್ಲಿನ ಮುಖ್ಯ ಚಿಪ್ಪಿಗೆ ಹರಳಿಲ್ಲ, ಅಗ್ಗದ ಸೆರಾಮಿಕ್ ತುಂಡು ಇದೆ; ನೂರಕ್ಕೆ ಅರ್ಧ ಭಾಗದಷ್ಟು ಆಚೀಚೆ ಹೋಗಬಹುದು. ಒಂದು ಸೆಕೆಂಡಿಗೆ ಐದು ಮಿಲಿಸೆಕೆಂಡು. "ಹರಳಿರೋ ಬೋರ್ಡು ತರಿಸೋಣ" ಅಂದೆ. ಯಜಮಾನ್ರು ತಲೆ ಅಲ್ಲಾಡಿಸಿದರು. "ದಾಖಲೆಗೆ ಬೇಕಾದರೆ ತರಿಸು. ಇವತ್ತಿನ ಓಟಕ್ಕೆ ಬೇಡ. ಈ ಗಡಿಯಾರ ನಿಧಾನವಾದರೆ ನನಗೂ ನಿಧಾನ, ಅವನಿಗೂ ನಿಧಾನ. ಹಿಂದಿನ ಆರು ವಾರ ಹಾಗಿರಲಿಲ್ಲ." ನೋಟ್‌ಬುಕ್ಕು ತೆಗೆದು ಆ ಆರು ವಾರದ ಪುಟಗಳ ಅಂಚಿನಲ್ಲಿ ಉದ್ದಕ್ಕೂ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಅಂಕಿ ಯಾವುದನ್ನೂ ಅಳಿಸಲಿಲ್ಲ. ಪಕ್ಕದಲ್ಲಿ "ಬಲಗಡೆ ಸೆನ್ಸರ್ ತಡ" ಅಂತ ಬರೆದು, ನನ್ನ ಕೈಗೆ ಪೆನ್ಸಿಲ್ ಕೊಟ್ಟರು. ಕೆಳಗೆ ನನ್ನ ಹೆಸರು ಬರೆದೆ.

ಭಾನುವಾರ ಬೆಳಿಗ್ಗೆ ಎದುರುಮನೆಗೆ ಹೋಗಿ ಬಾಗಿಲು ತಟ್ಟಿದೆ. ಮುರಿದ ಫೋಟೋಟ್ರಾನ್ಸಿಸ್ಟರು, ಎಲ್‌ಡಿಆರ್ ಎರಡನ್ನೂ ಅಂಗೈಯಲ್ಲಿ ಹಿಡಿದುಕೊಂಡು ಎಲ್ಲ ಹೇಳಿದೆ. ನಮ್ಮ ದೊಡ್ಡಪ್ಪನ ವಿಷಯವನ್ನೂ ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಸರಿ" ಅಂದರು, ಅಷ್ಟೇ. ಒಳಗೆ ಕರೀಲಿಲ್ಲ.

ಶನಿವಾರ ಏಳು ಗಂಟೆಗೆ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕೋಟಿನ ಮೇಲೆ ಹಿಮ ಹಾಗೇ ಇತ್ತು. ಯಾರಿಗೂ ನಮಸ್ಕಾರ ಹೇಳದೆ ನೇರ ಹೋಗಿ ಸ್ಕೇಲು ತಗೊಂಡು ಗೆರೆಯ ಮೇಲೆ ಬಿಟ್ಟರು. ಪರದೆ ಮೇಲೆ ವ್ಯತ್ಯಾಸ 0.001, ಬಲಗಡೆ ತಡ. ಟ್ರ್ಯಾಕು ಸುತ್ತಿ ಆಚೆ ಬದಿಗೆ ಹೋಗಿ ಇನ್ನೊಮ್ಮೆ ಬಿಟ್ಟರು. 0.001, ಎಡಗಡೆ ತಡ. ಸ್ಕೇಲನ್ನು ನೋಟ್‌ಬುಕ್ಕಿನ ಪಕ್ಕ ಇಟ್ಟು, ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಬಲಗಡೆ ಕಂಟ್ರೋಲರು ಕೈಗೆ ತಗೊಂಡರು.